ಕುಂಕುಮ ಹಚ್ಚಿದ ಗಿಟಾರ್

ನಮ್ಮ ಮನೆಯಲ್ಲಿ ಹನ್ನೊಂದು ಎಲೆಕ್ಟ್ರಿಕ್ ಗಿಟಾರುಗಳಿವೆ. ನುಡಿಸುವವರು ಯಾರೂ ಇಲ್ಲ. ಬಂದ ನೆಂಟರಿಗೆಲ್ಲ ನನ್ನ ಹೆಂಡತಿ ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾಳೆ. ಮೊದಲನೆಯದಕ್ಕೆ ನಾನು ಹೆಮ್ಮೆಯಿಂದ ಎದೆ ಉಬ್ಬಿಸುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ.

ನುಡಿಸಲು ಬರುವುದೇ ಇಲ್ಲ ಎಂದೇನಲ್ಲ. ಒಂದು ಸ್ವರಮೇಳ ಬರುತ್ತದೆ. ಮೂರು ಬೆರಳು ಊರಿ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರೆ ಅದು ಕೇಳಿಸುತ್ತದೆ. ಎರಡನೆಯದನ್ನು ಕಲಿಯಲು ಹೋಗಿ ಬೆರಳು ನೋಯಿಸಿಕೊಂಡು, ಇದು ನನ್ನ ಕೆಲಸವಲ್ಲ ಎಂದು ಬಿಟ್ಟೆ. ನನ್ನ ಕೆಲಸ ನೋಡುವುದು. ಜಯನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಮೂವತ್ತು ವರ್ಷದಿಂದ ಜನರ ಕಣ್ಣು ನೋಡುತ್ತಾ, ಫ್ರೇಮಿನ ಸಾಸಿವೆಯಷ್ಟು ಸ್ಕ್ರೂಗಳನ್ನು ಬಿಗಿಮಾಡುತ್ತಾ ಬಂದವನು.

ಗಿಟಾರಿನ ಹುಚ್ಚು ಹತ್ತಿದ್ದೂ ಆ ಸ್ಕ್ರೂಗಳಿಂದಲೇ. ಮದುವೆ ಆರ್ಕೆಸ್ಟ್ರಾದ ಗಿಟಾರಿಸ್ಟೊಬ್ಬರು ಒಮ್ಮೆ ಕನ್ನಡಕ ಮಾಡಿಸಲು ಬಂದವರು, 'ಇದರ ಗುಂಡಿ ಸಡಿಲ ಆಗಿದೆ, ನಿಮ್ಮ ಹತ್ರ ಸಣ್ಣ ಸ್ಕ್ರೂಡ್ರೈವರ್ ಇರುತ್ತಲ್ಲ' ಎಂದು ತಮ್ಮ ಹಳೆಯ ಗಿಟಾರನ್ನು ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದರೆ, ಒಳಗೆ ಬೆಸುಗೆ ಹಾಕಿದ ತಂತಿಗಳ ನಡುವೆ, ಸಣ್ಣ ಲೋಹದ ಭಾಗಗಳ ಬೆನ್ನಿನ ಮೇಲೆ ಅಂಕೆಗಳು. ಯಾವ ವರ್ಷದ ಯಾವ ವಾರದಲ್ಲಿ ತಯಾರಾಯಿತು ಎಂಬುದನ್ನು ಆ ಅಂಕೆಗಳೇ ಹೇಳುತ್ತವೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಹೊಟ್ಟೆಯೊಳಗೇ ತನ್ನ ಜಾತಕ ಇಟ್ಟುಕೊಂಡಿರುವ ವಸ್ತು! ನಾನು ಅಲ್ಲಿಗೆ ಬಿದ್ದುಹೋದೆ.

ಅಲ್ಲಿಂದ ಮುಂದೆ ಓದಿದ್ದೇ ಓದಿದ್ದು. ಇಂಟರ್‌ನೆಟ್‌ನಲ್ಲಿ ದೇಶದೇಶದ ಹುಚ್ಚರು ಸೇರಿ ಹರಟುವ ತಾಣಗಳಿವೆ. ಅಲ್ಲಿ ಸ್ಕ್ರೂವಿನ ತಲೆಯ ಗೀರಿನ ಬಗ್ಗೆ ವಾರಗಟ್ಟಲೆ ಜಗಳ ನಡೆಯುತ್ತದೆ. ನಾನೂ ಜಗಳವಾಡಿದೆ, ಒಂದೆರಡು ಸಲ ಗೆದ್ದೆ. ಕ್ರಮೇಣ ನಮ್ಮ ಊರಿನವರೂ ಬೇರೆ ಊರಿನವರೂ ತಮ್ಮ ಹಳೆಯ ಗಿಟಾರುಗಳನ್ನು ನನಗೆ ತೋರಿಸತೊಡಗಿದರು. 'ಸಾರ್, ಒರಿಜಿನಲ್ಲಾ ನೋಡಿ ಹೇಳಿ.' ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಂಭೀರವಾಗಿ ಹೂಂ ಎಂದೋ ಊಹೂಂ ಎಂದೋ ಹೇಳುತ್ತಿದ್ದೆ. ಕಣ್ಣಿನ ನಂಬರ್ ಹೇಳಿದಾಗ ಯಾರೂ ಕೈಮುಗಿಯುವುದಿಲ್ಲ. ಗಿಟಾರಿನ ವಿಷಯದಲ್ಲಿ ಮುಗಿಯುತ್ತಿದ್ದರು. ನನಗೆ ಅದು ಹಿಡಿಸಿತು. ತಲೆಗೂ ಏರಿತು.

ಹೀಗೆ ತಲೆಗೇರಿದ್ದ ಕಾಲದ ಒಂದು ಭಾನುವಾರ ಬೆಳಿಗ್ಗೆ. ಈಗ್ಗೆ ಏಳು ವರ್ಷ ಆಗಿರಬಹುದು. ಜೆ.ಪಿ. ನಗರದ ಕಡೆಯಿಂದ ಇಬ್ಬರು ಸಂಗ್ರಾಹಕರು ಮನೆಗೆ ಬಂದಿದ್ದರು. ಇಬ್ಬರೂ ನನಗಿಂತ ಕಿರಿಯರು, ನಾನು ಹೇಳಿದ್ದಕ್ಕೆಲ್ಲ ತಲೆದೂಗುವವರು. ನಕಲಿ ಗಿಟಾರುಗಳನ್ನು ಹಿಡಿಯುವುದು ಹೇಗೆ ಎಂದು ನಾನು ಪಾಠ ಮಾಡುತ್ತಿದ್ದೆ. ಹಳೆಯ ಕಾಲದ ಮೆರುಗೆಣ್ಣೆ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಮೈತುಂಬ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ನಕಲಿ ಮಾಡುವವರು ಹೊಸ ಗಿಟಾರಿಗೆ ಬೇಕೆಂದೇ ಬಿರುಕು ಬರಿಸಿ, ಅದು ಎದ್ದು ಕಾಣಲಿ ಎಂದು ಆ ಗೆರೆಗಳಿಗೆ ಬಣ್ಣದ ಪುಡಿ ತಿಕ್ಕುತ್ತಾರೆ. ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಒಬ್ಬರು ಬಂದು ನಿಂತರು.

ಅರವತ್ತರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಷರ್ಟು. ಹಳೆಯ ಹೊದಿಕೆಯಿಂದ ಹೊಲಿದ ಚೀಲದಲ್ಲಿ ಗಿಟಾರ್. ಇಟ್ಟಮಡುವಿನಿಂದ ಬಂದೆ, ಯಾರೋ ನಿಮ್ಮ ವಿಳಾಸ ಕೊಟ್ಟರು ಎಂದರು. ಚೀಲದಿಂದ ಹೊರತೆಗೆದದ್ದು ಹಾಲುಕೆನೆ ಬಣ್ಣದ ಗಿಟಾರ್. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮಗುವಿಗೆ ಮೈ ತೊಳೆಸಿದ ಹಾಗೆ, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ತಂದಿದ್ದರು. ತಲೆಯ ಮೇಲಿರಬೇಕಾದ ಕಂಪನಿಯ ಹೆಸರು ಸವೆದು ಹೋಗಿತ್ತು. ಮೂರು ಗುಂಡಿಗಳಲ್ಲಿ ಒಂದರ ಜಾಗದಲ್ಲಿ ಟ್ರಾನ್ಸಿಸ್ಟರ್ ರೇಡಿಯೋದ ಗುಂಡಿ ಇತ್ತು. ಮೈಮೇಲೆ ಬಿರುಕಿನ ಗೆರೆಗಳು, ಗೆರೆಗಳ ತುಂಬ ಕೆಂಪು ಪುಡಿ.

ನಾನು ಆ ಇಬ್ಬರ ಕಡೆ ನೋಡಿ ಹುಬ್ಬು ಹಾರಿಸಿದೆ. ಪಾಠಕ್ಕೆ ಉದಾಹರಣೆ ತಾನಾಗಿಯೇ ನಡೆದು ಬಂದಿತ್ತಲ್ಲ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚ್ ಹಾಕಿದೆ. ಗೆರೆಗಳು ಅಲ್ಲಲ್ಲಿ ಹಳದಿಯಾಗಿ ಹೊಳೆದವು. 'ನೋಡಿ, ಕೆಮಿಕಲ್' ಎಂದೆ. ಸ್ಕ್ರೂ ಬಿಚ್ಚಲಿಲ್ಲ. ಒಳಗೆ ನೋಡಲಿಲ್ಲ. ಒಟ್ಟು ಎರಡು ನಿಮಿಷ.

"ಇದು ಲೋಕಲ್ ಮಾಲು. ಹಳೇದರ ಥರ ಕಾಣ್ಲಿ ಅಂತ ಬಣ್ಣ ತಿಕ್ಕಿದಾರೆ," ಎಂದೆ.

ಅವರು ಸ್ವಲ್ಪ ಹೊತ್ತು ಗಿಟಾರನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಸಾರ್, ಒಂದ್ಸಲ ಪ್ಲಗ್ ಹಾಕಿ ನೋಡ್ತೀರಾ?" ಎಂದು ಕೇಳಿದರು.

"ಅದೆಲ್ಲ ಬೇಕಾಗಿಲ್ಲ ಬಿಡಿ. ಶಬ್ದ ಯಾವ್ ಗಿಟಾರಾದ್ರೂ ಮಾಡತ್ತೆ."

ಆ ಇಬ್ಬರು ನಕ್ಕರು. ಗಿಟಾರ್ ತಂದವರೂ ಸ್ವಲ್ಪ ನಕ್ಕರು. ನನ್ನ ಹೆಂಡತಿ ತಂದುಕೊಟ್ಟ ಕಾಫಿ ಕುಡಿದು, "ಬರ್ತೀನಿ ಸಾರ್, ಥ್ಯಾಂಕ್ಸ್," ಎಂದು ಹೇಳಿ ಹೋದರು. ನಾನು ಸಂಜೆಯೊಳಗೆ ಅವರನ್ನು ಮರೆತೆ.

ಈ ವರ್ಷ ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಗೆ ಒಂದು ವಾರ ಇದೆ ಎನ್ನುವಾಗ, ಐವತ್ತೈದರ ಹೆಂಗಸೊಬ್ಬರು ಆಟೋದಲ್ಲಿ ಬಂದಿಳಿದರು. ತೋಳಿನಲ್ಲಿ ಗಿಟಾರಿನ ಚೀಲ. ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ವಿಷಯಕ್ಕೆ ಬಂದರು.

"ನಮ್ಮನೆಯವ್ರದು ಸಾರ್ ಇದು. ಹೋದ ವರ್ಷ ದಸರಾ ಕಳೆದು ವಾರಕ್ಕೆ ತೀರ್ಕೊಂಡ್ರು. ಈ ಅಮಾಸೆಗೆ ಅವ್ರಿಗೆ ಮೊದಲನೇ ಎಡೆ."

ಎಡೆಯೆಂದರೆ ಏನೆಂದು ನನಗೆ ಅವರು ಹೇಳಬೇಕಿರಲಿಲ್ಲ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಆ ದಿನ ಹೋದವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ಪ್ರೀತಿಯಿಂದ ಬಳಸುತ್ತಿದ್ದ ವಸ್ತುಗಳನ್ನು ಪಕ್ಕದಲ್ಲಿಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬರುತ್ತಾರೆ. ಒಳಗೆ ಅವರು ಬಂದು ಹೋಗಲಿ ಎಂದು.

"ಗಿಟಾರನ್ನ ಎಡೆ ಪಕ್ಕ ಇಡ್ತೀನಿ ಅಂದೆ. ನಮ್ಮ ಭಾವ, ಇವ್ರ ಅಣ್ಣ, ಬೇಡ ಅಂತಾರೆ. ಮೋಸ ಹೋಗಿ ತಂದಿದ್ದನ್ನ ಸತ್ತ ಮೇಲೂ ಅವ್ನ ಮುಂದೆ ಇಟ್ಟು ಯಾಕಮ್ಮ ಆಡ್ಕೋತೀಯ ಅಂತಾರೆ."

ಹಿಂದಿನ ಕಥೆ ಹೀಗೆ. ಇಟ್ಟಮಡುವಿನಲ್ಲಿ ಇನ್ನೂ ಹೊಲ ಇದ್ದಾಗ ಅವರ ಮನೆಯಲ್ಲಿ ಹಸುಗಳಿದ್ದವು. ಬಸವನಗುಡಿ, ಜಯನಗರದ ಮನೆಗಳಿಗೆ ಹಾಲು ಹಾಕಲೆಂದು, ಆಗಿನ್ನೂ ಹುಡುಗನಾಗಿದ್ದ ಆಕೆಯ ಗಂಡನಿಗೆ ಮನೆಯ ಹಿರಿಯರು ಒಂದು ಮೋಟರ್ ಬೈಕ್ ತೆಗೆಸಿಕೊಟ್ಟಿದ್ದರು. ಬೈಕು ಬಂದು ಎರಡು ತಿಂಗಳೂ ಆಗಿರಲಿಲ್ಲ. ಕಂಟೋನ್ಮೆಂಟಿನ ಹೋಟೆಲೊಂದರಲ್ಲಿ ಬ್ಯಾಂಡ್ ನುಡಿಸುತ್ತಿದ್ದವರೊಬ್ಬರು ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದರಂತೆ. ಈ ಹುಡುಗ ಬೈಕು ಕೊಟ್ಟು ಅವರ ಗಿಟಾರ್ ತಂದುಬಿಟ್ಟ. ಮುಂದಿನ ಎರಡು ವರ್ಷ ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ತುಳಿದ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ಆ ಗಿಟಾರ್ ನುಡಿಸಿದ. ಹೋದ ಬೈಕು ಅಮೆರಿಕದ ಅಸಲಿ ಗಿಟಾರಾಗಿ ಬಂದಿದೆ ಎಂದು ತಮ್ಮ, ಕಟ್ಟಿಗೆಯಾಗಿ ಬಂದಿದೆ ಎಂದು ಅಣ್ಣ. ಈ ವಾದ ನಲವತ್ತು ವರ್ಷ ನಡೆದಿದೆ.

"ಯಾವ್ದೇ ಮದುವೆ, ನಾಮಕರಣ, ಎಲ್ಲೇ ಹೋದ್ರೂ ಭಾವ ಕೇಳೋರು: ಏನಪ್ಪಾ, ಗಿಟಾರಿಗೆ ಪೆಟ್ರೋಲ್ ಹಾಕಿಸ್ದಾ? ಅಂತ. ಎಲ್ರೂ ನಗೋರು. ಇವ್ರೂ ನಗೋರು. ನಂಗೆ ಮಾತ್ರ ನಗಕ್ಕಾಗ್ತಿರ್ಲಿಲ್ಲ." ಚೀಲವನ್ನು ನನ್ನ ಕಡೆ ಸರಿಸಿದರು. "ಮಾರಕ್ಕಲ್ಲ ಸಾರ್. ಅವ್ರು ಮೋಸ ಹೋಗಿದ್ರಾ, ಇಲ್ವಾ, ಅಷ್ಟು ಹೇಳಿ ಸಾಕು. ಭಾವಂಗೆ ತೋರ್ಸಕ್ಕೆ ಒಂದು ಕಾಗದ ಬರ್ಕೊಡಿ."

ಚೀಲ ಬಿಚ್ಚಿದೆ. ಮೊದಲು ಕಂಡದ್ದು ಆ ರೇಡಿಯೋ ಗುಂಡಿ. ಬಿಳಿ ಷರ್ಟು, ಮೆಲ್ಲನೆಯ ಮಾತು, ಪ್ಲಗ್ ಹಾಕಿ ನೋಡ್ತೀರಾ ಸಾರ್, ಎಲ್ಲವೂ ಒಟ್ಟಿಗೆ ನೆನಪಾಯಿತು. ಇದನ್ನು ನಾನು ಮೊದಲೇ ನೋಡಿದ್ದೇನೆ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ಎರಡು ದಿನ ಬಿಟ್ಟು ಬನ್ನಿ" ಎಂದೆ.

ಅವರು ಹೋದ ಮೇಲೆ ಗಿಟಾರನ್ನು ಬೋರಲು ಹಾಕಿದೆ. ಬೆನ್ನಿನಲ್ಲಿ, ಕತ್ತು ಮೈಗೆ ಸೇರುವ ಜಾಗದಲ್ಲಿ ಒಂದು ಸಣ್ಣ ಲೋಹದ ತಗಡು ಇರುತ್ತದೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಗಿಟಾರಿನ ಕ್ರಮಸಂಖ್ಯೆ ಇರುವುದು ಆ ತಗಡಿನ ಮೇಲೆ. ಅಲ್ಲಿ ಕುಂಕುಮ ಇತ್ತು. ಒಂದು ಬೊಟ್ಟಲ್ಲ, ವರ್ಷ ವರ್ಷವೂ ಅದೇ ಜಾಗದಲ್ಲಿ ಇಟ್ಟು ಇಟ್ಟು ಗಟ್ಟಿಯಾಗಿದ್ದ ಪದರ, ಪಕ್ಕದಲ್ಲಿ ಒಣಗಿದ ಗಂಧ, ಅರಿಶಿನ, ಅಂಟಿಕೊಂಡ ಎರಡು ಅಕ್ಷತೆ ಕಾಳು. ಮುಂಭಾಗದಲ್ಲಿ ಮೂರು ಬೆರಳಿನ ಗಂಧದ ಗೆರೆ. ಹೋದ ವರ್ಷದ ಆಯುಧಪೂಜೆಯಲ್ಲಿ ಇಟ್ಟದ್ದು. ಆಮೇಲೆ ಅದನ್ನು ಯಾರೂ ಒರೆಸಿರಲಿಲ್ಲ.

ಏಳು ವರ್ಷದ ಹಿಂದೆ ನಾನು ಕಂಡ ಕೆಂಪು ಪುಡಿ ಏನೆಂದು ಆಗ ಗೊತ್ತಾಯಿತು. ನನಗೆ ತೋರಿಸಲು ಬರುವ ಮೊದಲು ಆ ಮನುಷ್ಯ ಮರ್ಯಾದೆಯಿಂದ ಎಲ್ಲವನ್ನೂ ಒರೆಸಿಕೊಂಡು ಬಂದಿದ್ದರು. ಆದರೆ ತಗಡಿನ ಮೇಲಿನ ಹಳೆಯ ಪದರ ಒರೆಸಿದರೂ ಹೋಗಿರಲಿಲ್ಲ, ಬಿರುಕಿನೊಳಗೆ ಇಳಿದದ್ದೂ ಹೋಗಿರಲಿಲ್ಲ. ನಾನು ಬೆನ್ನು ತಿರುಗಿಸಿ ನೋಡಿರಲಿಲ್ಲ.

ಪ್ರತಿ ವರ್ಷ ನನ್ನ ಸ್ಕೂಟರಿಗೆ, ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಮೆಷಿನ್ನಿಗೆ, ಕಡೆಗೆ ಷಟರಿನ ಬೀಗಕ್ಕೂ ನಾನೇ ಕೈಯಾರೆ ಕುಂಕುಮ ಹಚ್ಚುತ್ತೇನೆ. ಅಂಥ ನಾನು ಕುಂಕುಮ ನೋಡಿ ಕೆಮಿಕಲ್ ಎಂದಿದ್ದೆ. ಗೊತ್ತಿಲ್ಲದ ದೇಶದವರ ಮೋಸವೆಲ್ಲ ಬಾಯಿಪಾಠ ಆಗಿತ್ತು, ಮನೆಯ ಹಬ್ಬ ನೆನಪಿಗೆ ಬಂದಿರಲಿಲ್ಲ.

ಆದರೂ ಚಟ ಬಿಡಲಿಲ್ಲ. ದೇವರ ಮನೆಯಿಂದ ಅರಿಶಿನದ ಬಟ್ಟಲು ತಂದು ನೇರಳೆ ಟಾರ್ಚ್ ಬಿಟ್ಟೆ. ಅಂದು ಬಿರುಕುಗಳಲ್ಲಿ ಕಂಡ ಅದೇ ಹಳದಿ ಹೊಳಪು.

"ಇನ್ನು ಅರಿಶಿನಕ್ಕೂ ಸರ್ಟಿಫಿಕೇಟ್ ಕೊಡೋಕ್ ಶುರು ಮಾಡಿದ್ರಾ?" ಎಂದಳು ಹೆಂಡತಿ.

ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. "ಬಿಳೀ ಷರ್ಟಿನೋರು. ಲೋಟ ತಾವೇ ತಂದು ಸಿಂಕಲ್ಲಿಟ್ಟು ಹೋದ್ರು. ನಂಗೆ ನೆನಪಿದೆ," ಎಂದಳು.

ಮರುದಿನ ಅಂಗಡಿಗೆ ಹೋಗಲಿಲ್ಲ. ತಗಡಿನ ನಾಲ್ಕು ಸ್ಕ್ರೂ ಬಿಚ್ಚಲು ಒಂದು ಗಂಟೆ ಹಿಡಿಯಿತು. ಸ್ಪಿರಿಟಿನಲ್ಲಿ ಅದ್ದಿದ ಹತ್ತಿ ಆಡಿಸಿದ್ದರೆ ಎರಡು ನಿಮಿಷದಲ್ಲಿ ಕುಂಕುಮ ಹೋಗಿ ಸಂಖ್ಯೆ ಕಾಣುತ್ತಿತ್ತು. ಯಾವ ಗಿಟಾರ್ ಬಂದರೂ ನಾನು ಮೊದಲು ಮಾಡುವುದು ಅದನ್ನೇ. ಈ ಸಲ ಹತ್ತಿಯ ಡಬ್ಬಿ ಮುಟ್ಟಲಿಲ್ಲ. ಕುಂಕುಮ ಉದುರದ ಹಾಗೆ ಮೂಲೆಯ ಸ್ಕ್ರೂಗಳನ್ನಷ್ಟೇ ಸ್ವಲ್ಪ ಸ್ವಲ್ಪವೇ ತಿರುಗಿಸಿ, ತಗಡನ್ನು ಆರತಿ ತಟ್ಟೆಯ ಹಾಗೆ ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟೆ. ಕತ್ತು ಮೈಯಿಂದ ಕಳಚಿ ಬಂತು. ಅದರ ಬುಡದಲ್ಲಿ, ಬಣ್ಣ ಬಳಿಯದ ಮರದ ಮೇಲೆ, ಪೆನ್ಸಿಲ್ಲಿನಲ್ಲಿ ತಿಂಗಳು, ವರ್ಷ. ಬರೆದವರ ಕೈ ಸ್ವಲ್ಪ ಓರೆ. ಒಳಗಿನ ಲೋಹದ ಭಾಗಗಳ ಅಂಕೆಗಳು ಅದೇ ಕಾಲವನ್ನು ಹೇಳಿದವು. ಒಂದು ಬೆಸುಗೆ ಮಾತ್ರ ನಮ್ಮೂರಿನದು, ರೇಡಿಯೋ ಗುಂಡಿ ಹಾಕಿದಾಗ ಮಾಡಿದ್ದು. ಉಳಿದ ಯಾವುದನ್ನೂ ಕಾರ್ಖಾನೆ ಬಿಟ್ಟ ಮೇಲೆ ಯಾರೂ ಮುಟ್ಟಿರಲಿಲ್ಲ.

ಅಸಲಿ. ನನ್ನ ಹನ್ನೊಂದರಲ್ಲಿ ಇಷ್ಟು ಕೆಡದೆ ಉಳಿದದ್ದು ಒಂದೂ ಇಲ್ಲ.

ಬೇರೆ ದಿನವಾಗಿದ್ದರೆ ಕುಣಿದಾಡಿಬಿಡುತ್ತಿದ್ದೆ. ಅವತ್ತು ನಾಚಿಕೆಯಾಯಿತು. ಆ ಮನುಷ್ಯ ಇದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುವಾಗ ಏನೆಂದುಕೊಂಡಿರಬಹುದು? ನಲವತ್ತು ವರ್ಷ ಅಣ್ಣ ಹೇಳಿದ್ದೇ ನಿಜ ಎಂದುಕೊಂಡರೇ? ಹಾಗೆಂದುಕೊಂಡೇ ಹೋಗಿಬಿಟ್ಟರೇ? ಸುದ್ದಿ ಒಳ್ಳೆಯದೇ ಇದೆ, ಕಾಗದ ಕೊಟ್ಟು ಕಳಿಸಿದರೆ ಯಾರಿಗೂ ನೋವಿಲ್ಲ ಎಂದು ಮನಸ್ಸು ಒಂದು ಕಡೆ ಪುಸಲಾಯಿಸುತ್ತಿತ್ತು. ಊಟಕ್ಕೆ ಕೂತಾಗ ಹೆಂಡತಿ, "ಹೇಳ್ತೀರಾ?" ಎಂದು ಒಂದೇ ಮಾತು ಕೇಳಿದಳು. ನಾನು ಅನ್ನ ಕಲಸುತ್ತಲೇ ಇದ್ದೆ.

ಕಾಗದ ಬರೆದೆ. ಕತ್ತಿನ ಪೆನ್ಸಿಲ್ ಗುರುತು, ಒಳಗಿನ ಅಂಕೆಗಳು, ಬಣ್ಣ, ಮರ, ಎಲ್ಲವನ್ನೂ ಕ್ರಮವಾಗಿ ಬರೆದೆ. ಕ್ರಮಸಂಖ್ಯೆ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅದಿಲ್ಲದೆ ನಾನು ಯಾರಿಗೂ ಕಾಗದ ಕೊಟ್ಟವನಲ್ಲ. ಸ್ವಲ್ಪ ಯೋಚಿಸಿ, 'ಕುಂಕುಮದ ಕೆಳಗಿದೆ' ಎಂದು ಬರೆದು ಸಹಿ ಹಾಕಿದೆ.

ಹೇಳಿದ ದಿನ ಹನ್ನೊಂದು ಗಂಟೆಗೆ ಅವರು ಬಂದರು. ಮತ್ತೆ ಕುರ್ಚಿಯ ತುದಿಯಲ್ಲೇ ಕೂತರು. ನಾನು ಸುತ್ತಿ ಬಳಸದೆ, "ಒರಿಜಿನಲ್ ಅಮ್ಮ. ನಿಮ್ಮನೆಯವ್ರು ಮೋಸ ಹೋಗಿರ್ಲಿಲ್ಲ," ಎಂದೆ.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆಂಡತಿ ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವರೇ ಸುಧಾರಿಸಿಕೊಂಡು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟರು. ಏಳಲು ಹೊರಟರು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಒಂದ್ನಿಮಿಷ ಕೂತ್ಕೊಳಿ. ಇನ್ನೊಂದು ವಿಷ್ಯ ಇದೆ," ಎಂದೆ. "ಏಳು ವರ್ಷದ ಹಿಂದೆ ಅವ್ರೇ ಇದನ್ನ ಇಲ್ಲಿಗೆ ತಂದಿದ್ರು. ನಾನು ಸರಿಯಾಗಿ ನೋಡ್ದೇ ಲೋಕಲ್ ಮಾಲು ಅಂದ್ಬಿಟ್ಟೆ. ಇನ್ನಿಬ್ಬರ ಮುಂದೆ. ತಪ್ಪಾಯ್ತು. ತುಂಬಾ ದೊಡ್ಡ ತಪ್ಪಾಯ್ತು."

"ಗೊತ್ತು ಸಾರ್," ಎಂದರು ಅವರು.

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ಅವತ್ತೇ ಬಂದು ಹೇಳಿದ್ರು, ನಂಗೊಬ್ಳಿಗೇ. ಭಾವಂಗೆ ಹೇಳ್ಲಿಲ್ಲ."

"ಮತ್ತೆ ನನ್ನ ಹತ್ರಾನೇ ಯಾಕ್ ತಂದ್ರಿ?"

"ಇನ್ಯಾರ ಹತ್ರ ಹೋದ್ರೂ ನೀವ್ ಹೇಳಿದ್ ಮಾತು ಹಂಗೇ ಉಳ್ಕೊಳ್ತಿತ್ತಲ್ಲ ಸಾರ್. ನೀವೇ ವಾಪಸ್ ತಗೋಬೇಕಿತ್ತು."

ಹೆಂಡತಿ ನನ್ನ ಮುಖ ನೋಡಲಿಲ್ಲ. ನಾನು ಕೇಳಿದೆ: "ಅವ್ರು ಬೇಜಾರ್ ಮಾಡ್ಕೊಂಡ್ರಾ? ನನ್ನ ಮಾತು ನಂಬಿದ್ರಾ?"

"ಇಲ್ಲ ಸಾರ್. ಮನೆಗೆ ಬಂದು ಕೈಕಾಲು ತೊಳ್ಕೊಂಡು ಹೇಳಿದ್ರು: ಒಳ್ಳೇ ಮನುಷ್ಯ, ಕಾಫಿ ಎಲ್ಲ ಕೊಟ್ರು. ಪಾಪ, ನುಡಿಸಿ ನೋಡ್ಲಿಲ್ಲ ಕಣೇ, ಅದಕ್ಕೇ ಅವ್ರಿಗೆ ಗೊತ್ತಾಗ್ಲಿಲ್ಲ ಅಂತ. ಆಮೇಲೆ ಸಂಜೆವರ್ಗೂ ನುಡಿಸ್ಕೊಂಡು ಕೂತಿದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಪಾಪ' ಎಂಬ ಮಾತನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಕಡೆಯವರೆಗೂ ಆ ಮನುಷ್ಯ ನನ್ನ ಬಗ್ಗೆ ಕನಿಕರ ಪಟ್ಟುಕೊಂಡಿದ್ದರು.

ಅವರು ಎದ್ದು ನಿಂತರು. ಗಿಟಾರಿನ ಬೆನ್ನು ತಿರುಗಿಸಿ ತಗಡಿನ ಮೇಲೆ ಕುಂಕುಮ ಹಾಗೇ ಇರುವುದನ್ನು ನೋಡಿ, ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಈ ಸಲನಾದ್ರೂ ನುಡಿಸಿದ್ರಾ ಸಾರ್?"

ಎರಡು ದಿನ ನನ್ನ ಹತ್ತಿರ ಇತ್ತು. ಪೂರ್ತಿ ಬಿಚ್ಚಿದ್ದೆ, ಭೂತಗನ್ನಡಿ ಹಿಡಿದು ನೋಡಿದ್ದೆ, ನಲವತ್ತು ಫೋಟೋ ತೆಗೆದಿದ್ದೆ, ಮತ್ತೆ ಜೋಡಿಸಿದ್ದೆ. ನುಡಿಸಿರಲಿಲ್ಲ. ಅದು ತಲೆಗೇ ಹೊಳೆದಿರಲಿಲ್ಲ.

"ಇಲ್ಲಮ್ಮ," ಎಂದೆ.

ಆಂಪ್ಲಿಫೈಯರ್ ಮೂಲೆಯಲ್ಲಿತ್ತು, ಅದರ ಮೇಲೆ ಮನಿಪ್ಲಾಂಟಿನ ಕುಂಡ. ಹೆಂಡತಿ ಎದ್ದು ಕುಂಡ ತೆಗೆದು ಕೆಳಗಿಟ್ಟು, ಸೆರಗಿನಿಂದಲೇ ಧೂಳು ಒರೆಸಿದಳು. ನಾನು ಪ್ಲಗ್ ಹಾಕಿದೆ. ಗುಂಯ್ ಎನ್ನುವ ಸಣ್ಣ ಸದ್ದು ಶುರುವಾಯಿತು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ಬರುವ ಆ ಒಂದೇ ಸ್ವರಮೇಳಕ್ಕೆ ಮೂರು ಬೆರಳು ಊರಿದೆ. ತಂತಿಗಳು ತುಕ್ಕು ಹಿಡಿದಿದ್ದವು, ಒಂದು ಸ್ವಲ್ಪ ಇಳಿದಿತ್ತು. ಮೇಲಿನಿಂದ ಕೆಳಕ್ಕೆ ಒಮ್ಮೆ ಮೀಟಿದೆ.

ಅಷ್ಟು ತುಂಬಿದ ನಾದ ನನ್ನ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಪೆನ್ಸಿಲ್ ಗುರುತು, ಅಂಕೆ, ಬಿರುಕು ಯಾವುದರಲ್ಲೂ ಅದು ಇರಲಿಲ್ಲ. ನನಗೆ ಅಳು ಬಂತು, ತಲೆ ತಗ್ಗಿಸಿದೆ.

ಅವರು ಗೋಡೆಯ ಕಡೆ ಮುಖ ಮಾಡಿ, ಗಂಡ ನುಡಿಸುವುದನ್ನು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತೇ ಕೇಳುತ್ತಿದ್ದವರ ಹಾಗೆ ನಿಂತಿದ್ದರು.

"ಇದೇ ಸಾರ್," ಎಂದರು. "ಇದು ಅವ್ರದೇ."

ನಾದ ಸಣ್ಣಗಾಗುತ್ತಾ ಹೋಗಿ ನಿಂತಿತು. ಅವರು ತಿರುಗಲಿಲ್ಲ.

"ಇನ್ನೊಂದ್ಸಲ," ಎಂದರು.